ವೆಲ್ಟಾ ಅವರ ಊರಿನ ತಂಡ

ಕಳೆದ ತಿಂಗಳು ಸಿಯಾಟಲ್ ಹತ್ತಿರದ ಲಿನ್‌ವುಡ್‌ನಲ್ಲಿ ಕಾರನ್ನು ಸರ್ವೀಸಿಗೆ ಬಿಟ್ಟು, ಕಾಯುವ ಹೊತ್ತು ಕಳೆಯಲು ಪಕ್ಕದ ಪೂರ್ವ ಯುರೋಪಿನ ದಿನಸಿ ಅಂಗಡಿಗೆ ಹೋದೆ. ಕೌಂಟರಿನ ಹೆಂಗಸು ಯಾರೋ ಗಿರಾಕಿಗೆ ರುಚಿ ತೋರಿಸಲೆಂದು ಹೊಗೆ ಹಾಕಿದ ಮೀನಿನ ಡಬ್ಬಿಯೊಂದನ್ನು ತೆರೆದರು. ನಾನು ತುಮಕೂರಿನ ಸಸ್ಯಾಹಾರಿ ಮನೆಯವಳು, ಮೀನಿನ ವಾಸನೆ ಬಂದರೆ ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುವ ಅಜ್ಜಿಯ ಕೈಯಲ್ಲಿ ಬೆಳೆದವಳು. ಆದರೆ ಆವತ್ತು ಮೂಗು ಮುಚ್ಚಿಕೊಳ್ಳಬೇಕೆನಿಸಲಿಲ್ಲ. ಎಣ್ಣೆ, ಹೊಗೆ, ಉಪ್ಪುನೀರು ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ಹತ್ತು ವರ್ಷಕ್ಕೂ ಹಳೆಯ ಸಿಟ್ಟು. ಆರಿರಬೇಕಿತ್ತು. ಆರಿರಲಿಲ್ಲ.

ಅದು ಎರಡು ಸಾವಿರದ ಹನ್ನೆರಡರ ಕೊನೆ ಮತ್ತು ಹದಿಮೂರರ ಮೊದಲ ಅರ್ಧ. ನಾವಾಗ ಸಿಯಾಟಲ್‌ನ ಹೊರವಲಯದ ಟೋಟೆಮ್ ಲೇಕ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಈಗ ಅಲ್ಲಿಗೆ ಹೋದವರಿಗೆ ಹೇಳಿದರೆ ನಂಬುವುದಿಲ್ಲ, ಅಲ್ಲಿನ ಮಾಲ್ ಆಗ ಅರೆಜೀವವಾಗಿತ್ತು. ಅಂಗಡಿಗಳು ಒಂದೊಂದೇ ಬಾಗಿಲು ಹಾಕಿಕೊಂಡು, ಪಾರ್ಕಿಂಗ್ ಜಾಗದಲ್ಲಿ ಕಡಲಕಾಗೆಗಳು ಮಾತ್ರ ಓಡಾಡಿಕೊಂಡಿದ್ದವು. ಜೋರು ಮಳೆ ಬಂದರೆ ಮುಂದಿನ ರಸ್ತೆಯಲ್ಲಿ ನೀರು ನಿಲ್ಲುತ್ತಿತ್ತು. ಆ ಚಳಿಗಾಲ ಮಳೆ ಬಿಟ್ಟದ್ದೇ ಕಡಿಮೆ. ಜೋರಾಗಿ ಸುರಿದು ಮುಗಿಸುವ ಮಳೆಯಲ್ಲ ಇಲ್ಲಿಯದು. ಗೊಣಗುವ ಮುದುಕನ ಹಾಗೆ ದಿನವಿಡೀ ಒಂದೇ ಸಮನೆ. ಹೊರಗೆ ಆಡಲಾಗದ ನನ್ನ ಮಗಳು ಚಾರು, ಹನ್ನೊಂದು ವರ್ಷದವಳು, ಸಂಜೆಯೆಲ್ಲ ಮನೆಯ ಹಾಲ್‌ನಲ್ಲೇ ಬ್ಯಾಸ್ಕೆಟ್‌ಬಾಲ್ ಪುಟಿಸುತ್ತಿದ್ದಳು. "ಕೆಳಗಡೆ ಮನೆಯವರು ಕಂಪ್ಲೇಂಟ್ ಮಾಡ್ತಾರೆ ಕಣೇ" ಎಂದರೆ "ದೆ ವೋಂಟ್, ಅಮ್ಮ" ಎಂದು ಇನ್ನಷ್ಟು ಪುಟಿಸುವಳು.

ನವೆಂಬರಿನ ಒಂದು ಸಂಜೆ ಬಾಗಿಲು ತಟ್ಟಿದ ಶಬ್ದವಾಯಿತು. ತೆರೆದರೆ, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವುದೇನೋ ಎನ್ನುವಷ್ಟು ಎತ್ತರದ ಮುದುಕಿ. ಎಪ್ಪತ್ತು ದಾಟಿದ ವಯಸ್ಸು, ಗಂಡಸರ ಸ್ವೆಟರು, ಕತ್ತರಿಸಿದ ಬಿಳಿಗೂದಲು. ಕೆಳಗಿನ ಮನೆಯವರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ತಮ್ಮ ಮುರುಕು ಇಂಗ್ಲಿಷಿನಲ್ಲಿ ಶುರು ಮಾಡಿದರು. ಅವರ ಮಾತೆಲ್ಲ ನನ್ನ ತಲೆಯಲ್ಲಿ ಕನ್ನಡವಾಗಿಯೇ ಉಳಿದುಕೊಂಡಿದೆ.

"ನಿನ್ನ ಮಗಳು ಬರೀ ಬಲಗೈಯಲ್ಲಿ ಪುಟಿಸ್ತಾಳೆ. ಎಡಗೈ ಸೋಮಾರಿ. ಕೆಳಗೆ ಕೂತು ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಕಳಿಸು ಅವಳನ್ನ."

ಅವರೇ ವೆಲ್ಟಾ. ಲ್ಯಾಟ್ವಿಯಾದವರು. ಮಗಳು ಅನಿತಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ತಾಯಿಯನ್ನು ಕರೆಸಿಕೊಂಡು ಜೊತೆಗಿಟ್ಟುಕೊಂಡಿದ್ದಳು. ಮಾರನೆಯ ದಿನದಿಂದಲೇ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಚಾವಣಿಯ ಕೆಳಗೆ, ಖಾಲಿ ಇದ್ದ ಮೂಲೆಯಲ್ಲಿ, ಚಾರುವಿಗೆ ಪಾಠ ಶುರುವಾಯಿತು. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲೇ ಪುಟಿಸಬೇಕು. ತಪ್ಪಿದರೆ ವೆಲ್ಟಾ ಬೈಯುತ್ತಿರಲಿಲ್ಲ, ಸುಮ್ಮನೆ ಚೆಂಡು ಎತ್ತಿ ಕೊಡುತ್ತಿದ್ದರು. ಕಾಲೇಜಿನಲ್ಲಿ ನಾನೂ ಆಡಿದವಳೇ. ಒಂದು ವಾರ ನಿಂತು ನೋಡಿದೆ. ಆಮೇಲೆ ತಡೆಯಲಾರದೆ ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ನಾನೂ ಇಳಿದೆ.

ಆಟ ಮುಗಿದ ಮೇಲೆ ಅವರ ಅಡುಗೆಮನೆಯಲ್ಲಿ ಚಹಾ. ಆ ಮನೆಯ ತುಂಬ ಅದೇ ಹೊಗೆ ಮೀನಿನ ವಾಸನೆ. ಮೊದಮೊದಲು ಬಾಯಿಂದ ಉಸಿರಾಡಿಕೊಂಡು ಕೂರುತ್ತಿದ್ದೆ. ವೆಲ್ಟಾ ಗಮನಿಸಿ ನಕ್ಕರು. "ರಾಜಧಾನಿಯ ಹುಡುಗಿಯರು ನಮ್ಮ ಜೊತೆ ಆಡುವಾಗ ಮೂಗು ಮುಚ್ಚಿಕೊಳ್ತಿದ್ರು. ಮೂಗು ಮುಚ್ಚೋಕೆ ಒಂದು ಕೈ ಬೇಕಲ್ಲ? ಉಳಿದ ಒಂದು ಕೈಯಲ್ಲಿ ಏನು ಆಡ್ತಾರೆ? ಸೋಲಿಸಿ ಕಳಿಸ್ತಿದ್ವಿ."

ಹೀಗೆ ಚಹಾದ ಜೊತೆಗೆ ತುಣುಕು ತುಣುಕಾಗಿ ಅವರ ತಂಡದ ಕಥೆ ನನಗೆ ಸಿಕ್ಕಿತು. ಅವರ ಊರು ಬಾಲ್ಟಿಕ್ ಸಮುದ್ರದ ದಂಡೆಯ ಸಣ್ಣ ಬಂದರು. ಯುದ್ಧ ಮುಗಿದು ಸೋವಿಯತ್ ಆಳ್ವಿಕೆ ಬಂದ ಮೇಲೆ ಅಲ್ಲಿ ಮೀನಿಗೆ ಹೊಗೆ ಹಾಕಿ ಡಬ್ಬಿಗೆ ತುಂಬುವ ಕಾರ್ಖಾನೆ ಎದ್ದಿತು. ಗಂಡಸರು ದೋಣಿಯಲ್ಲಿ, ಹೆಂಗಸರು ಡಬ್ಬಿಯ ಸಾಲಿನಲ್ಲಿ. ಬಾಯ್ಲರಿನಿಂದ ತೆಗೆದ ಬೂದಿಯನ್ನು ಹಿತ್ತಲಿನಲ್ಲಿ ಹರಡಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಎರಡು ಕಂಬ ನೆಟ್ಟು ಆ ಹೆಂಗಸರು ಬ್ಯಾಸ್ಕೆಟ್‌ಬಾಲ್ ಆಡಲು ತೊಡಗಿದರು. ಬಿದ್ದರೆ ಮೊಣಕಾಲಿನ ಗಾಯದೊಳಗೆ ಬೂದಿ ಸೇರಿಕೊಂಡು ಅಲ್ಲೇ ಉಳಿದುಬಿಡುತ್ತಿತ್ತು. ವೆಲ್ಟಾ ಒಮ್ಮೆ ಪ್ಯಾಂಟು ಮೇಲೆತ್ತಿ ತೋರಿಸಿದರು, ಹಚ್ಚೆ ಹಾಕಿಸಿಕೊಂಡ ಹಾಗೆ ನೀಲಿ ಕಲೆ. ಕಾರ್ಖಾನೆಯ ತಂಡ ಗೆಲ್ಲುತ್ತಾ ಹೋದಂತೆ ಊರಿನವರು ಭಾನುವಾರಗಳಲ್ಲಿ ಸೇರಿ, ಕೂಲಿ ತೆಗೆದುಕೊಳ್ಳದೆ, ಚಾವಣಿ ಇರುವ ಒಳಾಂಗಣವೊಂದನ್ನು ಕಟ್ಟಿದರು. ಹುಡುಗಿಯಾಗಿದ್ದ ವೆಲ್ಟಾ ಮೊಳೆಗಳ ಡಬ್ಬಿ ಹಿಡಿದು ನಿಂತಿದ್ದರಂತೆ. ಆಮೇಲೆ ಅದೇ ನೆಲದ ಮೇಲೆ ಆಡಿದರು, ಆಮೇಲೆ ಅಲ್ಲೇ ಕೋಚ್ ಆದರು.

ದೇಶ ಸ್ವತಂತ್ರವಾಯಿತು, ಕಾರ್ಖಾನೆ ಮುಚ್ಚಿತು. ತಂಡ ಮುಚ್ಚಲಿಲ್ಲ. ಬೇಕರಿಯವರು, ದೋಣಿಯವರು, ಔಷಧದ ಅಂಗಡಿಯವರು ಸೇರಿ ಅದನ್ನು ವೃತ್ತಿಪರ ಕ್ಲಬ್ ಮಾಡಿದರು. ಆಡಿದ್ದಕ್ಕೆ ಸಂಬಳ ಎಂಬುದನ್ನು ಆ ಊರಿನ ಹೆಣ್ಣುಮಕ್ಕಳು ಮೊದಲ ಸಲ ಕಂಡರು. ದೇಶದ ಚಾಂಪಿಯನ್ನರೂ ಆದರು. ಆಗ ಬಂದ ಒಬ್ಬ ಮರದ ವ್ಯಾಪಾರಿ. ಪ್ರಾಯೋಜಕನಾಗಿ ಬಂದ, ಅಧ್ಯಕ್ಷನಾದ, ಒಡೆಯನಾದ. ಒಂದು ಬೇಸಿಗೆಯಲ್ಲಿ ಕ್ಲಬ್ಬನ್ನು ರಾಜಧಾನಿ ರಿಗಾಗೆ ಸಾಗಿಸಿಬಿಟ್ಟ. ಹೆಸರು, ಗೆದ್ದ ಕಪ್‌ಗಳು, ಲೀಗಿನಲ್ಲಿದ್ದ ಜಾಗ ಎಲ್ಲವನ್ನೂ. ಖಾಲಿಯಾದ ಒಳಾಂಗಣದಲ್ಲಿ, ಆ ಹೆಂಗಸರು ಬೆವರು ಸುರಿಸಿದ ನೆಲದ ಮೇಲೆ, ತನ್ನದೇ ಮರದ ಹಲಗೆಗಳನ್ನು ಪೇರಿಸಿಟ್ಟ. ವೆಲ್ಟಾರನ್ನೂ ರಿಗಾಗೆ ಕರೆದಿದ್ದನಂತೆ.

"ಏನಂದ್ರಿ?" ಎಂದು ಕೇಳಿದೆ.

"ಉಗಿದೆ" ಎಂದರು. ಅದು ಅಲಂಕಾರದ ಮಾತಲ್ಲವೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈ ಕಥೆ ಕೇಳಿಕೊಂಡು ಮಹಡಿ ಹತ್ತಿ ಬಂದರೆ ನಮ್ಮ ಮನೆಯಲ್ಲಿ ಬೇರೆಯೇ ಸಂಭ್ರಮ. ನನ್ನ ಗಂಡ ಗಿರೀಶನಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಈ ನಗರದ ವೃತ್ತಿಪರ ತಂಡ. ನಾವು ಬಂದ ಹೊಸತರಲ್ಲಿ, ಯಾರೂ ಪರಿಚಯವಿಲ್ಲದ ಊರಿನಲ್ಲಿ, ಅವನು ಮೊದಲು ಕೂಗಿ ಕುಣಿದದ್ದು ಆ ತಂಡದ ಮ್ಯಾಚಿನಲ್ಲಿ. ಆಮೇಲೆ ಹೊರಗಿನ ಶ್ರೀಮಂತರು ಅದನ್ನು ಕೊಂಡುಕೊಂಡು ದೂರದ ರಾಜ್ಯಕ್ಕೆ ಎತ್ತಿಕೊಂಡು ಹೋದರು. ಅಂದು ಗಿರೀಶ ಅತ್ತದ್ದನ್ನು ನಾನು ಕಂಡಿದ್ದೇನೆ. ನಾಲ್ಕೈದು ವರ್ಷವಾದರೂ ಹಸಿರು ಹಳದಿ ಜೆರ್ಸಿ ಹಾಕಿಕೊಂಡು, ಕೊಂಡೊಯ್ದವರನ್ನು "ಕಳ್ ನನ್ಮಕ್ಳು" ಎಂದೇ ಕರೆಯುತ್ತಿದ್ದ. ಊರಿಗೆ ಊರೇ ಹಾಗೆ ಕರೆಯುತ್ತಿತ್ತು. ನನಗೂ ಅದು ನ್ಯಾಯವಾದ ಸಿಟ್ಟೆಂದೇ ಕಂಡಿತ್ತು.

ಜನವರಿಯಲ್ಲಿ ಸುದ್ದಿ ಬಂತು. ನಗರದಲ್ಲಿ ಹೊಸ ಕ್ರೀಡಾಂಗಣ ಕಟ್ಟುತ್ತಾರಂತೆ, ಕ್ಯಾಲಿಫೋರ್ನಿಯಾದ ಒಂದು ಊರಿನ ತಂಡವನ್ನು ಕೊಂಡು ಇಲ್ಲಿಗೆ ತರುತ್ತಾರಂತೆ, ಹಳೆಯ ಹೆಸರನ್ನೇ ಇಡುತ್ತಾರಂತೆ. ಆಫೀಸಿನಲ್ಲಿ, ಬಸ್ಸಿನಲ್ಲಿ, ಪಕ್ಕದ ನ್ಯೂಕ್ಯಾಸಲ್‌ನಲ್ಲಿದ್ದ ನಮ್ಮ ಕನ್ನಡದ ಗೆಳೆಯರ ಮನೆಯ ಪೂಜೆಯಲ್ಲೂ ಅದೇ ಮಾತು. ಗಿರೀಶ ವರ್ಷದ ಟಿಕೆಟ್ಟಿನ ಸಾಲಿಗೆ ನಮ್ಮ ಮೂವರ ಹೆಸರನ್ನೂ ಬರೆಸಿ ಬಂದ. ಖುಷಿಯ ಭರದಲ್ಲಿ, "ನಿನ್ನ ಕೋಚನ್ನೂ ಮಗಳನ್ನೂ ಊಟಕ್ಕೆ ಕರಿ, ಸೆಲೆಬ್ರೇಟ್ ಮಾಡೋಣ" ಎಂದ. ಕರೆದೆ.

ಬಿಸಿಬೇಳೆಬಾತು, ಮೊಸರನ್ನ, ಚಿಪ್ಸು. ಅನಿತಾ ಖಾರಕ್ಕೆ ಕಣ್ಣೀರು ಸುರಿಸುತ್ತಾ ಎರಡನೆಯ ಸಲ ಹಾಕಿಸಿಕೊಂಡಳು. ವೆಲ್ಟಾ ಸೌಟಿನಷ್ಟು ದೊಡ್ಡ ಚಮಚೆ ಕೇಳಿ ಪಡೆದು ತಿಂದರು. ಎಲ್ಲ ಚೆನ್ನಾಗಿಯೇ ಇತ್ತು. ಗಿರೀಶ ಜೆರ್ಸಿ ಹಾಕಿಕೊಂಡೇ ಕೂತಿದ್ದ.

"ಆ ಕ್ಯಾಲಿಫೋರ್ನಿಯಾ ಊರಿನವರು ಏನು ಮಾಡ್ತಾರೆ?" ಎಂದು ವೆಲ್ಟಾ ಕೇಳಿದರು.

"ಅವರಿಗೆ ಆ ಟೀಮ್ ಸಾಕೋ ಯೋಗ್ಯತೆ ಇಲ್ಲ. ಸ್ಟೇಡಿಯಂ ಹಳೇದು, ಜನ ಬರಲ್ಲ. ನಾವು ಇಲ್ಲಿ ಚೆನ್ನಾಗಿ ನೋಡ್ಕೋತೀವಿ. ಟೀಮಿಗೂ ಅದೇ ಒಳ್ಳೇದು" ಎಂದ ಗಿರೀಶ.

ವೆಲ್ಟಾ ಚಮಚೆ ಕೆಳಗಿಟ್ಟರು. "ಮರದ ವ್ಯಾಪಾರಿ ಇದನ್ನೇ ಹೇಳಿದ್ದ. ಒಂದು ಶಬ್ದ ಕೂಡ ಬೇರೆ ಇಲ್ಲ."

"ಅದು ಬೇರೆ ವಿಷಯ."

"ಹೇಗೆ ಬೇರೆ?"

"ನಮಗೆ ಮೊದಲು ಅನ್ಯಾಯ ಆಗಿದೆ. ನಮ್ಮದನ್ನ ಕಿತ್ಕೊಂಡು ಹೋದ್ರು. ನಮಗೆ ಒಂದು ಟೀಮ್ ಬರಬೇಕು, ಅದು ನ್ಯಾಯ."

"ನಿನ್ನದನ್ನ ಕಿತ್ಕೊಂಡವನ ಹತ್ತಿರ ಹೋಗಿ ಕೇಳು. ಮೂರನೆಯವನ ಮನೆಗೆ ಯಾಕೆ ನುಗ್ತೀಯ?"

ಗಿರೀಶ ನಗಲು ನೋಡಿದ. "ಮೇಡಂ, ಇದು ಬಿಸಿನೆಸ್. ಯಾರೂ ನುಗ್ತಾ ಇಲ್ಲ. ದುಡ್ಡು ಕೊಟ್ಟು ತಗೋತಾರೆ."

"ಅವನೂ ದುಡ್ಡು ಕೊಟ್ಟೇ ತಗೊಂಡಿದ್ದು" ಎಂದು ವೆಲ್ಟಾ ಎದ್ದರು. ಹೋಗುವಾಗ ಚಾರುವಿನ ತಲೆ ಸವರಿ, ನನಗೆ ಊಟ ಚೆನ್ನಾಗಿತ್ತೆಂದು ಹೇಳಿ, ಗಿರೀಶನತ್ತ ನೋಡದೆ ಇಳಿದು ಹೋದರು.

ಬಾಗಿಲು ಹಾಕಿದ ಮೇಲೆ ಗಿರೀಶ ನನ್ನ ಮೇಲೆ ಹಾರಿದ. "ಊಟಕ್ಕೆ ಕರೆದ್ರೆ ಹೀಗಾ ಮಾತಾಡೋದು? ನೀನಾದ್ರೂ ಏನಾದ್ರೂ ಹೇಳಬಾರದಾ ವಸು?"

"ಹೇಳ್ತೀನಿ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ ನಮ್ಮ ಕಡೆ. ನೀನು ನೆವ ಹುಡುಕ್ತಾ ಇದೀಯ."

"ನಾನು ಕಳ್ಳನಾ?"

"ನೀನೇ ಐದು ವರ್ಷದಿಂದ ಹೇಳ್ಕೊಟ್ಟಿರೋದು, ಊರಿಂದ ಟೀಮ್ ಎತ್ಕೊಂಡು ಹೋಗೋರಿಗೆ ಏನಂತಾರೆ ಅಂತ."

ಅದಾದ ಮೇಲೆ ಬಹಳ ದಿನ ನಮ್ಮಿಬ್ಬರ ನಡುವೆ ಹಾಲು, ಗ್ಯಾಸು, ಸ್ಕೂಲು ಬಿಟ್ಟರೆ ಮಾತಿರಲಿಲ್ಲ. ಕ್ಯಾಲಿಫೋರ್ನಿಯಾದ ಆ ಊರನ್ನು ನಾನು ನೋಡಿಯೇ ಇರಲಿಲ್ಲ. ಆದರೆ ಟಿವಿಯಲ್ಲಿ ಅಲ್ಲಿನ ಜನ ಫಲಕ ಹಿಡಿದು ನಿಂತಿದ್ದನ್ನು ತೋರಿಸುತ್ತಿದ್ದರು, ಅಪ್ಪನ ಹೆಗಲ ಮೇಲೆ ಕೂತ ಮಕ್ಕಳನ್ನು ತೋರಿಸುತ್ತಿದ್ದರು. ನಮ್ಮ ಊರಿನವರು ಐದು ವರ್ಷದ ಹಿಂದೆ ಇದೇ ರೀತಿ ನಿಂತಿದ್ದರು. ಅದನ್ನು ನೋಡುತ್ತಾ ಗಿರೀಶ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಿದ್ದ. ಅನುಭವಿಸಿದವನಿಗೆ ಇನ್ನೊಬ್ಬನ ನೋವು ಗೊತ್ತಾಗುತ್ತದೆ ಎಂದು ಯಾರು ಹೇಳಿದರೋ. ಸುಳ್ಳು.

ಮಾರ್ಚಿನಲ್ಲಿ ಅನಿತಾ ಒಂದು ಸುದ್ದಿ ತಂದಳು. ರಿಗಾದಿಂದ ಆ ಕ್ಲಬ್ಬಿನ ಪ್ರತಿನಿಧಿಯೊಬ್ಬ ಅಮೆರಿಕದ ಲ್ಯಾಟ್ವಿಯನ್ನರನ್ನು ಭೇಟಿ ಮಾಡಲು ಬರುತ್ತಿದ್ದಾನೆ, ಕ್ಲಬ್ಬಿನ ಇತಿಹಾಸದ ಚಿತ್ರ ತೋರಿಸುತ್ತಾನೆ, ದೇಣಿಗೆ ಕೇಳುತ್ತಾನೆ. ಸಿಯಾಟಲ್‌ನ ಒಂದು ಚರ್ಚಿನ ಕೆಳಮಹಡಿಯನ್ನು ಯಾರೋ ಅದಕ್ಕೆಂದು ಬಾಡಿಗೆಗೆ ಹಿಡಿದಿದ್ದಾರೆ. "ಅಮ್ಮನಿಗೆ ಹೇಳಬೇಡ" ಎಂದು ಅನಿತಾ ನನ್ನಲ್ಲಿ ಬೇಡಿಕೊಂಡಳು. ಆದರೆ ವೆಲ್ಟಾರಿಗೆ ಆಗಲೇ ಗೊತ್ತಾಗಿತ್ತು. "ಶನಿವಾರ ನಿನ್ನ ಕಾರು ಬೇಕು" ಎಂದರು ನನಗೆ, ಅಷ್ಟೆ.

ಆ ಸಂಜೆ ಸರೋವರದ ಮೇಲಿನ ತೇಲುಸೇತುವೆ ದಾಟುವಾಗ ಗಾಳಿಗೆ ಅಲೆಗಳು ರಸ್ತೆಯ ಅಂಚಿಗೆ ಹೊಡೆದು ಗಾಜಿನ ಮೇಲೆ ಎರಚುತ್ತಿದ್ದವು. ವೆಲ್ಟಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಏನು ಮಾತಾಡ್ತೀರಿ?" ಎಂದೆ. "ಗೊತ್ತಿಲ್ಲ" ಎಂದರು. "ಸುಮ್ಮನೆ ಮಾತ್ರ ಕೂರಲ್ಲ."

ಆ ಕೆಳಮಹಡಿಯಲ್ಲಿ ಕಾಫಿ, ಏಲಕ್ಕಿ ಹಾಕಿದ ಬನ್ನು, ಒದ್ದೆ ಉಣ್ಣೆಯ ಕೋಟುಗಳ ವಾಸನೆ. ಐವತ್ತು ಅರವತ್ತು ಜನರಿದ್ದರು, ಹೆಚ್ಚಿನವರು ವಯಸ್ಸಾದವರು. ಡ್ಯೂಟಿ ಮುಗಿಸಿ ನೇರ ಬಂದಿದ್ದ ಅನಿತಾ ನನ್ನ ಪಕ್ಕ ಕೂತು ಕಿವಿಯಲ್ಲಿ ಅನುವಾದಿಸುತ್ತಿದ್ದಳು. ಪ್ರತಿನಿಧಿ ಮೂವತ್ತರ ಯುವಕ, ಸೂಟು, ಎಳೆ ನಗು. ಚಿತ್ರ ಶುರುವಾಯಿತು. ಹೊಳೆಯುವ ಕಪ್‌ಗಳು, ಕುಣಿಯುವ ಪ್ರೇಕ್ಷಕರು, ರಿಗಾದ ದೊಡ್ಡ ಕ್ರೀಡಾಂಗಣ, ಜಾಹೀರಾತಿನ ಹೆಣ್ಣುಮಕ್ಕಳಂತೆ ನಿಂತ ಆಟಗಾರ್ತಿಯರು. ಮೀನು ಡಬ್ಬಿಯ ಊರು, ಬೂದಿಯ ಅಂಕಣ, ಭಾನುವಾರದ ದುಡಿಮೆ ಇವಕ್ಕೆಲ್ಲ ಸೇರಿ ಒಂದೇ ಒಂದು ವಾಕ್ಯ. "ಕರಾವಳಿಯಲ್ಲಿ ಹುಟ್ಟಿದ ಕನಸು ರಾಜಧಾನಿಯಲ್ಲಿ ನನಸಾಯಿತು" ಎಂದು ಅನಿತಾ ಅನುವಾದಿಸಿದಳು. ತೆರೆಯ ಮೇಲೆ ಕಂಡ ಕಪ್‌ಗಳಲ್ಲಿ ಅರ್ಧದಷ್ಟನ್ನು ಗೆದ್ದದ್ದು ಆ ಒಂದು ವಾಕ್ಯದೊಳಗಿನ ಹೆಂಗಸರು.

ಚಿತ್ರ ಮುಗಿದ ಮೇಲೆ ಆ ಯುವಕ ಮಾಡಿದ್ದನ್ನು ನಾವು ಯಾರೂ ಊಹಿಸಿರಲಿಲ್ಲ. ಅವನಿಗೆ ಯಾರೋ ಹೇಳಿದ್ದಿರಬೇಕು. "ನಮ್ಮ ನಡುವೆ ಒಬ್ಬ ದಂತಕಥೆ ಇದ್ದಾರೆ" ಎಂದು ವೆಲ್ಟಾರ ಹೆಸರು ಕೂಗಿದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ವೆಲ್ಟಾ ನಿಧಾನವಾಗಿ ಮುಂದೆ ನಡೆದರು. ಕ್ಲಬ್ಬಿನ ಹೆಸರು ನೇಯ್ದ ಶಾಲನ್ನು ಅವನು ಅವರ ಕೊರಳಿಗೆ ಹಾಕಿದ, ಎತ್ತರ ಸಾಲದೆ ತುದಿಗಾಲಲ್ಲಿ ನಿಂತು. ಕ್ಯಾಮೆರಾಗಳು ಮಿಂಚಿದವು. ಕಿತ್ತುಕೊಂಡದ್ದನ್ನು ಸಾಕ್ಷಿಗಳ ಮುಂದೆ ಉಡುಗೊರೆಯಾಗಿ ಹೊದಿಸಿ ಬಾಯಿ ಮುಚ್ಚಿಸುವ ಆ ನಯ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲೂ ಹೀಗೆಯೇ ತಾನೆ, ಸನ್ಮಾನ ಮಾಡಿದ ಮೇಲೆ ಮಾತಾಡುವ ಹಾಗಿಲ್ಲ.

ವೆಲ್ಟಾ ಮೈಕು ತೆಗೆದುಕೊಂಡರು. "ಒಂದು ಪ್ರಶ್ನೆ" ಎಂದರು. "ನೀವು ತಂಡ ತಗೊಂಡು ಹೋದ ಮೇಲೆ ನನ್ನೂರಿನ ಹುಡುಗಿಯರು ಎಲ್ಲಿ ಆಡ್ತಾರೆ?"

ಯುವಕ ನಗುತ್ತಲೇ ಉತ್ತರಿಸಿದ. ಪ್ರತಿಭೆ ಇದ್ದವರು ರಿಗಾಗೆ ಬಂದು ಆಯ್ಕೆಯಲ್ಲಿ ಭಾಗವಹಿಸಬಹುದು, ಬಾಗಿಲು ಎಲ್ಲರಿಗೂ ತೆರೆದಿದೆ.

"ಬಸ್ಸಿಗೆ ಅರ್ಧ ದಿನ ಬೇಕು. ಪ್ರತಿಭೆ ಇಲ್ಲದವರು? ಸುಮ್ಮನೆ ಆಡಬೇಕು ಅನಿಸಿದವರು?"

ಮುಂದಿನ ಸಾಲಿನ ಹಿರಿಯರೊಬ್ಬರು ಮೆಲ್ಲಗೆ, "ವೆಲ್ಟಾ, ಇದು ಆ ಮಾತಿಗೆ ಜಾಗವಲ್ಲ" ಎಂದರು.

"ಹಾಗಾದರೆ ಎಲ್ಲಿದೆ ಜಾಗ? ನಮ್ಮ ಜಾಗದಲ್ಲಿ ಅವನ ಹಲಗೆ ಇದೆ" ಎಂದು ವೆಲ್ಟಾ ಶಾಲನ್ನು ತೆಗೆದು ಮೇಜಿನ ಮೇಲಿಟ್ಟರು. ಎಸೆಯಲಿಲ್ಲ, ಮಡಿಸಿಯೇ ಇಟ್ಟರು. "ನಿಮ್ಮ ಚಿತ್ರದಲ್ಲಿ ಬಿಟ್ಟುಹೋದವರನ್ನ ನಾನು ಹೇಳ್ತೀನಿ" ಎಂದು ಹೆಸರು ಹೇಳಲು ಶುರು ಮಾಡಿದರು. ಐನಾ, ಮೀನು ತೊಳೆಯುವ ತೊಟ್ಟಿ. ಝೆಂಟಾ, ಉಪ್ಪು ಹಾಕುವ ಸಾಲು. ಬಿರೂತಾ, ಮುಚ್ಚಳ ಒತ್ತುವ ಯಂತ್ರ. ಅದರಲ್ಲೇ ಒಂದು ಬೆರಳು ಕಳೆದುಕೊಂಡಳು, ಉಳಿದ ಬೆರಳುಗಳಲ್ಲೇ ಫೈನಲ್ ಆಡಿದಳು. ದೊಡ್ಡ ಮಾರಾ, ಹೊಗೆಗೂಡು. ಸಣ್ಣ ಮಾರಾ, ಅವಳೂ ಹೊಗೆಗೂಡು, ಕೆಮ್ಮಿ ಕೆಮ್ಮಿ ಸತ್ತಳು.

ಅಷ್ಟರಲ್ಲಿ ಮೈಕು ಸತ್ತಿತು. ತಾನಾಗಿ ಸತ್ತಿತೋ, ಸಾಯಿಸಿದರೋ. ವೆಲ್ಟಾ ಅದನ್ನೂ ಮೇಜಿನ ಮೇಲಿಟ್ಟು ಮುಂದುವರಿಸಿದರು. ಒಳಾಂಗಣದ ಆ ತುದಿಯಿಂದ ಈ ತುದಿಗೆ ಕೇಳುವಂತೆ ಕೂಗಿ ಕಲಿಸಿದ ಗಂಟಲು ಅದು. ಯಾರೋ ಸನ್ನೆ ಮಾಡಿದರು, ಕಾಫಿ ಬಡಿಸಲು ಶುರುವಾಯಿತು. ಕುರ್ಚಿಗಳು ಕಿರುಗುಟ್ಟಿದವು, ಜನ ಎದ್ದರು, ತಟ್ಟೆ ಹಿಡಿದು ಸಾಲಾದರು, ಮಳೆಯ ಬಗ್ಗೆ ಮಾತಾಡಿದರು. ಬೆನ್ನು ತೋರಿಸಿ ನಿಂತ ಆ ಜನರ ಮಧ್ಯೆ ವೆಲ್ಟಾ ಒಬ್ಬೊಬ್ಬರ ಹೆಸರನ್ನೂ ಅವರ ಕೆಲಸವನ್ನೂ ಕೂಗಿ ಹೇಳುತ್ತಲೇ ಇದ್ದರು. ಕೂತು ಕೇಳಿದವರು ಬೆರಳೆಣಿಕೆಯಷ್ಟು. ಆ ಭಾಷೆಯ ಒಂದು ಶಬ್ದವೂ ಬಾರದ ನಾನು ಅವರಲ್ಲೊಬ್ಬಳು. ಅನಿತಾ ಅನುವಾದ ನಿಲ್ಲಿಸಿ ಅಳುತ್ತಿದ್ದಳು. ಹೆಸರುಗಳಿಗೆ ಅನುವಾದ ಬೇಕಿರಲಿಲ್ಲ.

ನಯವಾಗಿ ತಲೆ ಬಾಚಿದ ಹೆಂಗಸೊಬ್ಬಳು ನನ್ನ ಬಳಿ ಬಂದು ಇಂಗ್ಲಿಷಿನಲ್ಲಿ, "ನೀವು ಅವರನ್ನ ನೋಡಿಕೊಳ್ಳೋ ಕೆಲಸದವರಾ? ಪಾಪ, ಸುಸ್ತಾಗಿದ್ದಾರೆ. ಮನೆಗೆ ಕರ್ಕೊಂಡು ಹೋಗ್ತೀರಾ?" ಎಂದಳು.

"ಅವರಿಗೆ ಸುಸ್ತಾಗಿಲ್ಲ" ಎಂದೆ. "ನಾನು ಕೆಲಸದವಳೂ ಅಲ್ಲ. ಅವರ ಹತ್ತಿರ ಆಟ ಕಲೀತಿದೀನಿ. ಅವರು ಮುಗಿಸೋ ತನಕ ನಾವು ಎಲ್ಲೂ ಹೋಗಲ್ಲ." ನನ್ನ ದನಿ ಬೇಕೆಂದದ್ದಕ್ಕಿಂತ ಜೋರಾಗಿಯೇ ಬಂತು. ತಟ್ಟೆ ಹಿಡಿದವರು ತಿರುಗಿ ನೋಡಿದರು. ನೋಡಲಿ.

ವಾಪಸು ಬರುವಾಗ ಸೇತುವೆಯ ಮೇಲೆ ವೆಲ್ಟಾ ಹೇಳಿದ್ದು ಇಷ್ಟೇ: "ಬಿರೂತಾಳ ಅಕ್ಕನ ಹೆಸರು ಮರೆತುಬಿಟ್ಟೆ. ಛೇ." ಆಮೇಲೆ ಆ ಜನರಲ್ಲಿ ಯಾರೂ ಅವರಿಗೆ ಫೋನು ಮಾಡಲಿಲ್ಲ. ಈಸ್ಟರ್‌ಗೆ ಕರೆಯಲಿಲ್ಲ. ಅನಿತಾಳನ್ನು ಅಂಗಡಿಯಲ್ಲಿ ಕಂಡರೆ "ಅಮ್ಮ ಹುಷಾರಾಗಿದಾರಾ?" ಎಂದು ಕೇಳುತ್ತಿದ್ದರಂತೆ, ಹುಚ್ಚು ಹಿಡಿದವರ ಬಗ್ಗೆ ಕೇಳುವ ದನಿಯಲ್ಲಿ. ನ್ಯಾಯ ಕೇಳಿದ ಮುದುಕಿಗೆ ಕಾಯಿಲೆ ಎಂದು ಹೆಸರಿಟ್ಟುಬಿಟ್ಟರೆ ಎಲ್ಲರ ಕಾಫಿಯೂ ಸಿಹಿಯಾಗಿಯೇ ಇರುತ್ತದಲ್ಲ.

ಮೇ ತಿಂಗಳಲ್ಲಿ ಮಳೆ ಕೊನೆಗೂ ಹಿಂದೆ ಸರಿದು, ಟೋಟೆಮ್ ಲೇಕ್‌ನ ಮರಗಳು ಒಂದೇ ವಾರದಲ್ಲಿ ಹಸಿರಾದವು. ಲೀಗಿನ ಒಡೆಯರೆಲ್ಲ ಸೇರಿ, ಕ್ಯಾಲಿಫೋರ್ನಿಯಾದ ತಂಡ ಆ ಊರಿನಲ್ಲೇ ಇರಲಿ ಎಂದು ತೀರ್ಮಾನಿಸಿದರು. ಗಿರೀಶ ಜೆರ್ಸಿಯಲ್ಲೇ ಸೋಫಾದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ನನಗೆ ಒಳಗೊಳಗೇ ಖುಷಿಯಾಯಿತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ. "ಆಯ್ತಾ ನಿನಗೆ ಸಮಾಧಾನ?" ಎಂದ. "ಆಯ್ತು" ಎಂದೆ. ಆ ಒಂದು ಶಬ್ದವನ್ನು ಅವನು ಇನ್ನೂ ಕ್ಷಮಿಸಿಲ್ಲ. ನನಗೂ ಕ್ಷಮೆ ಬೇಕಾಗಿಲ್ಲ. ಅವನು ಇವತ್ತಿಗೂ ತಂಡಕ್ಕಾಗಿ ಕಾಯುತ್ತಿದ್ದಾನೆ. ಹೊಸದಾಗಿಯೇ ಒಂದು ತಂಡ ಕಟ್ಟಿದರೆ ಮೊದಲು ಚಪ್ಪಾಳೆ ತಟ್ಟುವವಳು ನಾನೇ. ಇನ್ನೊಂದು ಊರಿನದನ್ನು ಕಿತ್ತು ತಂದರೆ ಮಾತ್ರ ನಮ್ಮ ಮನೆಯಲ್ಲಿ ಮತ್ತೆ ಜಗಳ ಇದೆ.

ಆ ಸಂಜೆ ವೆಲ್ಟಾ ಅವನನ್ನು ಹಂಗಿಸುತ್ತಾರೆಂದುಕೊಂಡಿದ್ದೆ. ಅವರು ಮೇಲೆ ಬಂದು, ಸೋಫಾದ ತುದಿಯಲ್ಲಿ ಕೂತು, "ನಿನ್ನ ತಂಡ ಹೋದ ದಿನ ನೀನು ಅತ್ತಿದ್ದೆಯಂತೆ. ವಸುಧಾ ಹೇಳಿದಳು. ನಾನೂ ಅತ್ತಿದ್ದೆ" ಎಂದರು. ಗಿರೀಶ ತಿರುಗಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಜೂನಿನಲ್ಲಿ ರಿಗಾದಿಂದ ಸುದ್ದಿ ಬಂತು. ಮರದ ವ್ಯಾಪಾರಿಗೆ ವ್ಯಾಪಾರ ಕೈಕೊಟ್ಟು, ಕ್ಲಬ್ಬಿನ ಮೇಲಿನ ಆಸೆಯೂ ಹೋಗಿ, ಕೈ ತೊಳೆದುಕೊಂಡಿದ್ದ. ಕ್ಲಬ್ ಮುಚ್ಚಿತು. ಈಗ ಎಲ್ಲಿಲ್ಲದ ಫೋನುಗಳು ಬಂದವು. ಕಾಫಿಗೆ ಸಾಲು ನಿಂತವರೇ ಒಬ್ಬೊಬ್ಬರಾಗಿ ಸಂತಾಪ ಹೇಳಿದರು. ವೆಲ್ಟಾ ಗೆದ್ದವರಂತೆ ನಗುತ್ತಾರೆಂದು ನಾನು ಭಾವಿಸಿದ್ದರೆ ಅದೂ ತಪ್ಪಾಯಿತು. ಕಾರು ಚಾವಣಿಯ ಕೆಳಗೆ ಚೆಂಡನ್ನು ಗೋಡೆಗೆ ಬಲವಾಗಿ ಹೊಡೆದು ಹಿಡಿಯುತ್ತಾ, "ಆ ರಿಗಾ ಹುಡುಗಿಯರು ಏನು ತಪ್ಪು ಮಾಡಿದ್ರು? ಈಗ ಅವರಿಗೂ ತಂಡ ಇಲ್ಲ. ಬಂದ, ನಮ್ಮದನ್ನ ಕೊಂದ, ಅವರದನ್ನೂ ಕೊಂದ, ಹೋದ. ಅವನನ್ನ ಯಾರೂ ಏನೂ ಕೇಳಲ್ಲ" ಎಂದರು. ಅವರ ಕಣ್ಣಿನಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ.

ಮರುವಾರ ಅವರ ಊರಿನ ಪುರಸಭೆಯವರು ಫೋನು ಮಾಡಿದರು. ಕ್ಲಬ್ಬಿನ ಹೆಸರು ಈಗ ಅಗ್ಗಕ್ಕೆ ಮಾರಾಟಕ್ಕಿದೆ, ಊರಿನವರು ಚಂದಾ ಎತ್ತಿ ವಾಪಸು ಕೊಳ್ಳೋಣವೆಂದಿದ್ದಾರೆ, ನೀವು ಮುಂದೆ ನಿಂತರೆ ಒಳ್ಳೆಯದು, ಎಂದು. ಫೋನಿನ ಈ ತುದಿಯಲ್ಲಿ ವೆಲ್ಟಾ ಬೈದದ್ದು ಮೇಲಿನ ನಮ್ಮ ಮನೆಗೂ ಕೇಳಿಸಿತು. ಆಮೇಲೆ ಅನಿತಾ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದಳು: "ನಮ್ಮ ಹೆಸರಿಗೆ ನಾವೇ ಕಳ್ಳನಿಗೆ ದುಡ್ಡು ಕೊಡಬೇಕಾ? ಆ ದುಡ್ಡಲ್ಲಿ ಹುಡುಗಿಯರಿಗೆ ಶೂ ತಗೊಳ್ಳಿ. ಹಲಗೆ ತೆಗೆಸಿ, ನೆಲ ಒರೆಸಿ ಇಡಿ. ನಾನು ಬರ್ತೀನಿ."

ಹೋಗಿಯೇಬಿಟ್ಟರು. ಎಪ್ಪತ್ತು ದಾಟಿದವರು, ಆಗಸ್ಟಿನಲ್ಲಿ, ಒಂದೇ ಸೂಟ್‌ಕೇಸು ಹಿಡಿದು. ವಿಮಾನ ನಿಲ್ದಾಣಕ್ಕೆ ಕಾರು ಓಡಿಸಿದವನು ಗಿರೀಶ. ಇಳಿಯುವಾಗ ಅವನು ಸೂಟ್‌ಕೇಸನ್ನು ಅವರ ಕೈಗೆ ಕೊಡದೆ ಒಳಗಿನ ತನಕ ತಾನೇ ಹೊತ್ತು ಹೋದ. ಚಾರು ಎಡಗೈ ಚಾಚಿ ಕೈಕುಲುಕಿದಳು.

ಮರುವರ್ಷದ ಚಳಿಗಾಲದಲ್ಲಿ ಒಂದು ಭಾನುವಾರ ಅನಿತಾ ಲ್ಯಾಪ್‌ಟಾಪ್ ಹಿಡಿದು ಮೇಲೆ ಬಂದಳು. ತೆರೆಯ ಮೇಲೆ ವೆಲ್ಟಾ, ಅವರ ಹಿಂದೆ ಆ ಒಳಾಂಗಣ. ನೆಲದ ಮೇಲೆ ಹಲಗೆ ಪೇರಿಸಿದ್ದ ಕಡೆ ಬಣ್ಣ ಕಪ್ಪಾಗಿತ್ತು. ಹದಿನೈದಿಪ್ಪತ್ತು ಹುಡುಗಿಯರು ಗದ್ದಲ ಮಾಡುತ್ತಾ ಓಡುತ್ತಿದ್ದರು. ಕೆಲವರು ಚೆನ್ನಾಗಿ, ಕೆಲವರು ಮುಗ್ಗರಿಸಿಕೊಂಡು. ಎಲ್ಲರೂ ಒಂದೇ ನೀಲಿ ಬಣ್ಣದ ಬನಿಯನ್ನು ತೊಟ್ಟಿದ್ದರು. ಎದೆಯ ಮೇಲೆ ಅಂಕಿ ಇತ್ತು, ಅದರ ಮೇಲೆ ಏನೂ ಬರೆದಿರಲಿಲ್ಲ.

"ಕೋಚ್, ವಾಟ್ಸ್ ಯುವರ್ ಟೀಮ್ ಕಾಲ್ಡ್?" ಎಂದು ಚಾರು ಕೇಳಿದಳು.

"ಹೆಸರಿಲ್ಲ" ಎಂದರು ವೆಲ್ಟಾ.

"ಯಾಕೆ?" ಎಂದೆ ನಾನು.

ಅವರು ನಮ್ಮತ್ತ ಬೆನ್ನು ತಿರುಗಿಸಿ ಯಾರೋ ಹುಡುಗಿಗೆ ಜೋರಾಗಿ ಏನೋ ಕೂಗಿದರು. ಆಮೇಲೆ ತೆರೆಯ ಹತ್ತಿರ ಮುಖ ತಂದು ಹೇಳಿದರು:

"ಹೆಸರಿಟ್ಟರೆ ಯಾವನಾದರೂ ಬಂದು ಕೊಂಡ್ಕೋತಾನೆ."